ಕೋರ್ಟ್ ವಿಧಿಸಿದ ಸೇವೆ, ಸರ್ಕಾರ ಕೊಡುವ ಭತ್ಯೆ: ಫಾರ್ಮಿನಲ್ಲಿ ಬರೆಯಬೇಕೇ, ಬೇಡವೇ?

ಕೆಲಸ ಹೋದ ತಿಂಗಳಲ್ಲೇ ಕೋರ್ಟಿನ ಕಾಗದವೂ ಮನೆಗೆ ಬಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಲೇಆಫ್ ಈಗ ಹೊಸ ಸುದ್ದಿಯಲ್ಲ. ಅತಿವೇಗವಾಗಿ ಕಾರು ಓಡಿಸಿದ್ದಕ್ಕೆ, ಪಾರ್ಟಿ ಮುಗಿಸಿ ಸ್ಟಿಯರಿಂಗ್ ಹಿಡಿದದ್ದಕ್ಕೆ, ಅಂಗಡಿಯಲ್ಲಿ ಬಿಲ್ ಮಾಡಿಸದೆ ಚೀಲಕ್ಕೆ ಹಾಕಿಕೊಂಡ ಒಂದು ವಸ್ತುವಿಗೆ ನ್ಯಾಯಾಧೀಶರು 40 ಗಂಟೆ, 80 ಗಂಟೆ ಎಂದು ಸಮುದಾಯ ಸೇವೆ ವಿಧಿಸುವುದೂ ಅಲ್ಲಿ ಮಾಮೂಲು. ಎರಡೂ ಒಬ್ಬರ ತಲೆ ಮೇಲೇ ಬಿದ್ದಾಗ ಒಂದು ಪ್ರಶ್ನೆ ಏಳುತ್ತದೆ: ನಿರುದ್ಯೋಗ ಭತ್ಯೆಯ ಫಾರ್ಮಿನಲ್ಲಿ ಈ ಸೇವೆಯನ್ನು ತೋರಿಸಬೇಕೇ?

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ಒಂದು, "ಸುಮ್ನಿರಿ ಸಾರ್, ಯಾರು ನೋಡ್ತಾರೆ." ಇನ್ನೊಂದು, "ಬರೆದ್ರೆ ಮುಗೀತು, ಭತ್ಯೆ ಕಟ್." ಎರಡನ್ನೂ ನಂಬಬಾರದು. ಅಮೆರಿಕದಲ್ಲಿ ನಿರುದ್ಯೋಗ ವಿಮೆಗೆ ಚೌಕಟ್ಟು ಹಾಕುವುದು ಫೆಡರಲ್ ಕಾನೂನು, ನಡೆಸುವುದು ಆಯಾ ರಾಜ್ಯ. ಹಾಗಾಗಿ ಐವತ್ತು ರಾಜ್ಯಕ್ಕೂ ಒಂದೇ ಉತ್ತರ ಹೇಳಲಾಗದು. ಇಲ್ಲಿ ಕ್ಯಾಲಿಫೋರ್ನಿಯಾವನ್ನೇ ಹಿಡಿದು ಮಾತಾಡುತ್ತೇನೆ. ನಮ್ಮವರು ಅಲ್ಲಿ ಹೆಚ್ಚಿದ್ದಾರೆ ಎನ್ನುವುದು ಒಂದು ಕಾರಣ. ಸಮುದಾಯ ಸೇವೆ ಎಂಬ ಶಿಕ್ಷೆಗೆ ಮೊದಲು ಕ್ರಮಬದ್ಧ ರೂಪ ಸಿಕ್ಕಿದ್ದೂ ಅಲ್ಲೇ. 1966ರಲ್ಲಿ ಅಲಮೇಡಾ ಕೌಂಟಿಯ ನ್ಯಾಯಾಧೀಶರು, ದಂಡ ಕಟ್ಟಲು ಕೈಲಾಗದ ಮಹಿಳೆಯರಿಗೆ ಸಂಚಾರ ಪ್ರಕರಣಗಳಲ್ಲಿ ಜೈಲಿನ ಬದಲು ಸಂಬಳವಿಲ್ಲದ ಸೇವೆ ವಿಧಿಸತೊಡಗಿದರು. ಕನ್ನಡಿಗರ ಮನೆಗಳು ಬೀದಿಗೊಂದು ಎನ್ನುವಷ್ಟಿರುವ ಫ್ರೀಮಾಂಟ್ ಇರುವುದು ಅದೇ ಕೌಂಟಿಯಲ್ಲಿ.

ತಪ್ಪು ಕಲ್ಪನೆ: ಭತ್ಯೆ ಎಂದರೆ ಸರ್ಕಾರದ ಧರ್ಮ. ಕೋರ್ಟ್ ಮೆಟ್ಟಿಲು ಹತ್ತಿದವರಿಗೆ ಅದು ಸಿಗುವುದಿಲ್ಲ.

ವಾಸ್ತವ: ಇದು ವಿಮೆ. 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ದೇಶದುದ್ದಕ್ಕೂ ಹಬ್ಬಿದ ವ್ಯವಸ್ಥೆ. ಇದಕ್ಕೆ ಹಣ ಬರುವುದು ಕಂಪನಿಗಳು ಕಟ್ಟುವ ತೆರಿಗೆಯಿಂದ. ನೌಕರರ ಸಂಬಳದಿಂದಲೂ ಪಾಲು ಮುರಿದುಕೊಳ್ಳುವುದು ಅಲಾಸ್ಕಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಈ ಮೂರೇ ರಾಜ್ಯಗಳು. ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೆ ಸಿಗುವ ಗರಿಷ್ಠ ಮೊತ್ತ 450 ಡಾಲರ್. 2005ರಿಂದ ಅದು ಅಲ್ಲಾಡಿಲ್ಲ. ಬಾಡಿಗೆ ಎಷ್ಟು ಏರಿದೆ ಎಂದು ಬಲ್ಲವರಿಗೆ ಈ ಅಂಕಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾಮಾನ್ಯ ದಿನಗಳಲ್ಲಿ ಹೆಚ್ಚೆಂದರೆ 26 ವಾರದಷ್ಟು ಮೊತ್ತ.

ಶಿಕ್ಷೆಯಾಗಿದೆ ಎಂಬ ಒಂದೇ ಕಾರಣಕ್ಕೆ ಈ ವಿಮೆ ತಪ್ಪುವುದಿಲ್ಲ. ತಪ್ಪುವ ಸಂದರ್ಭ ಬೇರೆ. ಜೈಲಿನಲ್ಲಿದ್ದುದರಿಂದ 24 ಗಂಟೆ ಮೀರಿ ಕೆಲಸಕ್ಕೆ ಗೈರಾಗಿ, ಅದಕ್ಕೇ ಕೆಲಸ ಹೋಗಿ, ಮುಂದೆ ಆ ಪ್ರಕರಣದಲ್ಲಿ ತಪ್ಪಿತಸ್ಥ ಎಂದಾದರೆ, ಕ್ಯಾಲಿಫೋರ್ನಿಯಾದ ಕಾನೂನು ಅದನ್ನು "ಸಕಾರಣವಿಲ್ಲದೆ ತಾನಾಗಿ ಕೆಲಸ ಬಿಟ್ಟಂತೆ" ಎಂದು ಪರಿಗಣಿಸುತ್ತದೆ. ಲೇಆಫ್ ಆದವರಿಗೆ, ಅಥವಾ ಸಮುದಾಯ ಸೇವೆಯ ಶಿಕ್ಷೆ ಮಾತ್ರ ಇರುವವರಿಗೆ ಇದು ತಾಗುವುದಿಲ್ಲ.

ತಪ್ಪು ಕಲ್ಪನೆ: ಸೇವೆಗೆ ಸಂಬಳವಿಲ್ಲ. ಸಂಬಳವಿಲ್ಲದ್ದು ಕೆಲಸವಲ್ಲ. ಆದ್ದರಿಂದ ಬರೆಯುವ ಪ್ರಶ್ನೆಯೇ ಇಲ್ಲ.

ವಾಸ್ತವ: ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಫಾರ್ಮನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕ್ಯಾಲಿಫೋರ್ನಿಯಾದ ಉದ್ಯೋಗ ಅಭಿವೃದ್ಧಿ ಇಲಾಖೆಯನ್ನು ಅಲ್ಲಿಯವರೆಲ್ಲ ಇಡಿಡಿ ಎನ್ನುತ್ತಾರೆ. ಅದು ಎರಡು ವಾರಕ್ಕೊಮ್ಮೆ ಮುಖ್ಯವಾಗಿ ಆರು ಪ್ರಶ್ನೆ ಕೇಳುತ್ತದೆ. ಕಾಯಿಲೆ ಅಥವಾ ಗಾಯದಿಂದ ಕೆಲಸ ಮಾಡಲಾಗದಂತೆ ಆಗಿತ್ತೇ? ಬೇರೆ ಯಾವುದಾದರೂ ಕಾರಣದಿಂದ ಯಾವುದೇ ದಿನ ಪೂರ್ಣಾವಧಿ ಕೆಲಸ ಒಪ್ಪಿಕೊಳ್ಳಲಾಗದ ಸ್ಥಿತಿ ಇತ್ತೇ? ಕೆಲಸ ಹುಡುಕಿದಿರಾ? ಸಿಕ್ಕ ಕೆಲಸ ಬೇಡವೆಂದಿರಾ? ಶಾಲೆ ಅಥವಾ ತರಬೇತಿ ಸೇರಿದಿರಾ? ಕೊನೆಯದು: ಹಣ ಸಿಕ್ಕಿರಲಿ ಬಿಡಲಿ, ಏನಾದರೂ ಕೆಲಸ ಮಾಡಿದಿರಾ ಅಥವಾ ಗಳಿಸಿದಿರಾ?

ಆ ಕೊನೆಯ ಪ್ರಶ್ನೆಯ "ಸಿಕ್ಕಿರಲಿ ಬಿಡಲಿ" ಎಂಬ ಭಾಗವೇ ಗೊಂದಲದ ಮೂಲ. ದುಡಿದ ವಾರದ ಸಂಬಳ ಮುಂದಿನ ತಿಂಗಳು ಕೈಸೇರಿದರೂ ದುಡಿದ ವಾರದ ಲೆಕ್ಕದಲ್ಲೇ ತೋರಿಸಬೇಕು ಎಂಬುದು ಅದರ ಒಂದು ಉದ್ದೇಶ. ಭಾವನ ರೆಸ್ಟೋರೆಂಟಿನಲ್ಲಿ ಗಲ್ಲಾ ಮೇಲೆ ಕೂತು "ಸುಮ್ಮನೆ ಸಹಾಯ ಮಾಡಿದೆ" ಎನ್ನುವವರನ್ನೂ ಅದೇ ಮಾತು ಹಿಡಿಯುತ್ತದೆ. ಸಮುದಾಯ ಸೇವೆ ಈ ಎರಡರ ಜಾತಿಗೂ ಸೇರದು. ಆದರೂ ಅಕ್ಷರಶಃ ಓದಿದರೆ ಪ್ರಶ್ನೆಯ ಬಲೆಯೊಳಗೆ ಬೀಳುತ್ತದೆ. ಹೈವೇ ಬದಿಯಲ್ಲಿ ಬಣ್ಣದ ಜಾಕೆಟ್ ತೊಟ್ಟು ಎಂಟು ಗಂಟೆ ಕಸ ಆಯ್ದವರು "ನಾನು ಏನೂ ಕೆಲಸ ಮಾಡಲಿಲ್ಲ" ಎಂದು ಬರೆದು, ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಎಂಬ ಪ್ರಮಾಣದ ಕೆಳಗೆ ಸಹಿ ಹಾಕುವುದು ಜಾಣತನವಲ್ಲ.

ಹಾಗಾದರೆ ಬರೆಯುವುದು ಹೇಗೆ? ವಾರ ಎಂದರೆ ಅಲ್ಲಿ ಭಾನುವಾರದಿಂದ ಶನಿವಾರ. ಶನಿವಾರ ಎಂಟು ಗಂಟೆ ಸೇವೆ ಮಾಡಿದ್ದರೆ ಆ ವಾರಕ್ಕೆ "ಹೌದು" ಎಂದು ಹೇಳಿ, ಗಂಟೆಯ ಜಾಗದಲ್ಲಿ 8, ಗಳಿಕೆಯ ಜಾಗದಲ್ಲಿ 0, ಕೆಲಸ ಕೊಟ್ಟವರ ಜಾಗದಲ್ಲಿ ಸೇವೆ ಮಾಡಿದ ಸಂಸ್ಥೆಯ ಹೆಸರು, ವಿವರಣೆಯಲ್ಲಿ "ಕೋರ್ಟ್ ಆದೇಶದ ಸಮುದಾಯ ಸೇವೆ, ಸಂಬಳವಿಲ್ಲ" ಎಂದು ಬರೆಯುವುದು. ಫಾರ್ಮ್ ತುಂಬುವ ಮೊದಲೇ ಇಲಾಖೆಯ ಆನ್‌ಲೈನ್ ಖಾತೆಯಲ್ಲಿ ಸಂದೇಶ ಕಳುಹಿಸಿ, ಹೇಗೆ ತೋರಿಸಬೇಕೆಂದು ಕೇಳಿ ಉತ್ತರವನ್ನು ಉಳಿಸಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಫೋನಿನಲ್ಲಿ ಯಾರೋ ಹೇಳಿದ ಮಾತು ಮುಂದೆ ಸಾಕ್ಷಿಗೆ ನಿಲ್ಲುವುದಿಲ್ಲ, ಬರಹ ನಿಲ್ಲುತ್ತದೆ.

ತಪ್ಪು ಕಲ್ಪನೆ: ಬರೆದರೆ ಭತ್ಯೆ ಕಡಿತವಾಗುತ್ತದೆ.

ವಾಸ್ತವ: ಅಲ್ಲಿ ಕಡಿತವಾಗುವುದು ಗಂಟೆ ನೋಡಿ ಅಲ್ಲ, ಗಳಿಕೆ ನೋಡಿ. ಲೆಕ್ಕ ಹೀಗಿದೆ: ವಾರದ ಗಳಿಕೆಯಲ್ಲಿ 25 ಡಾಲರ್ ಅಥವಾ ಶೇ 25, ಯಾವುದು ಹೆಚ್ಚೋ ಅಷ್ಟನ್ನು ಬಿಟ್ಟು, ಉಳಿದದ್ದನ್ನು ಭತ್ಯೆಯಿಂದ ಕಳೆಯುತ್ತಾರೆ. 450 ಡಾಲರ್ ಪಡೆಯುವವರು ಒಂದು ವಾರ 200 ಡಾಲರ್ ದುಡಿದರೆ, 50 ಬಿಟ್ಟು 150 ಕಳೆದು 300 ಕೊಡುತ್ತಾರೆ. ಸಮುದಾಯ ಸೇವೆಯಲ್ಲಿ ಗಳಿಕೆ ಸೊನ್ನೆ, ಭತ್ಯೆಯಿಂದ ಕಳೆಯುವುದೇನು?

ಆದರೆ "ಹೌದು" ಎಂದ ತಕ್ಷಣ ಆ ವಾರಗಳ ಹಣ ತಡವಾಗಬಹುದು. ಅಧಿಕಾರಿ ಫೋನ್ ಸಂದರ್ಶನಕ್ಕೆ ಸಮಯ ಕೊಟ್ಟು, ವಿಚಾರಿಸಿ, ಆಮೇಲೆ ಬಿಡುಗಡೆ ಮಾಡುತ್ತಾರೆ. ಜನ ಹೆದರುವುದು ನಿಜವಾಗಿ ಈ ತಡಕ್ಕೆ. ಮನೆ ಬಾಡಿಗೆ ಕಾಯುವುದಿಲ್ಲ, ನಿಜ. ಆದರೆ ತಡವಾದ ಹಣ ಬಂದೀತು. ಮೋಸ ಎಂಬ ಮುದ್ರೆ ಬಿದ್ದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಸಂಬಳವಿಲ್ಲ ಎಂದು ಸಾಬೀತಾದರೆ ಮುಗಿಯಿತು, ಇನ್ನೇನೂ ತೊಂದರೆಯಿಲ್ಲ.

ವಾಸ್ತವ: ನನ್ನ ಪ್ರಕಾರ ಇದೇ ದೊಡ್ಡ ತಪ್ಪು. ಹಣದ ಪ್ರಶ್ನೆ ಸುಲಭದ್ದು. ಪೆಟ್ಟು ಕೊಡುವುದು ಎರಡನೇ ಪ್ರಶ್ನೆ: ಕೆಲಸ ಸಿಕ್ಕರೆ ನಾಳೆಯೇ ಹೋಗಲು ನೀವು ಬಿಡುವಾಗಿದ್ದಿರಾ? 2012ರ ಫೆಡರಲ್ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ಭತ್ಯೆ ಪಡೆಯುವವರು ಕೆಲಸಕ್ಕೆ ಶಕ್ತರಿರಬೇಕು, ಸಿದ್ಧರಿರಬೇಕು, ಹುಡುಕುತ್ತಿರಬೇಕು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎಂಟು ಗಂಟೆಯಂತೆ ಕೋರ್ಟಿನ 80 ಗಂಟೆಯನ್ನು ಎರಡೇ ವಾರದಲ್ಲಿ ಮುಗಿಸಿಬಿಡೋಣ, ಹೇಗೂ ಮನೆಯಲ್ಲೇ ಇದ್ದೇನೆ ಎಂದು ಹೊರಟವರು, ಆ ಎರಡು ವಾರ ಕೆಲಸಕ್ಕೆ ಸಿದ್ಧರಿದ್ದೆ ಎಂದು ಹೇಗೆ ಹೇಳುತ್ತಾರೆ? ಒಂದು ಪೈಸೆ ಗಳಿಸದೆಯೂ ಆ ಎರಡು ವಾರದ ಭತ್ಯೆ ಕಳೆದುಕೊಳ್ಳಬಹುದು.

ಹಾಗೆಂದು ದಿನದ 24 ಗಂಟೆಯೂ ಖಾಲಿ ಕೂತಿರಬೇಕು ಎಂದಲ್ಲ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1977ರ ಸ್ಯಾಂಚೆಜ್ ಪ್ರಕರಣದಲ್ಲಿ ಅಳತೆಗೋಲು ಹಾಕಿಕೊಟ್ಟಿದೆ. ಪುಟ್ಟ ಮಗುವನ್ನು ನೋಡಿಕೊಳ್ಳುವವರಿಲ್ಲದೆ ವಾರಾಂತ್ಯದ ಕೆಲಸ ಆಗದು ಎಂದ ತಾಯಿಯೊಬ್ಬರ ಪ್ರಕರಣ ಅದು. ಒಲ್ಲೆ ಎನ್ನಲು ಸರಿಯಾದ ಕಾರಣವಿರುವ ಕೆಲಸವನ್ನು ಮಾತ್ರ ಬಿಟ್ಟು, ಉಳಿದ ಸೂಕ್ತ ಕೆಲಸಕ್ಕೆಲ್ಲ ಒಪ್ಪುವವರಾಗಿರಬೇಕು. ಹಾಗೆ ಒಪ್ಪಿದಾಗ ಅವರ ಮುಂದೆ ಸಾಕಷ್ಟು ವಿಶಾಲವಾದ ಉದ್ಯೋಗ ಕ್ಷೇತ್ರ ತೆರೆದಿರಬೇಕು. ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು.

ಇದನ್ನೇ ಸಮುದಾಯ ಸೇವೆಗೆ ಹಚ್ಚಿ ನೋಡಿ. ಶನಿವಾರ ಹಗಲು ಸೇವೆ ಮಾಡುವ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಹೆಚ್ಚು ಅಡ್ಡಿಯಿಲ್ಲ. ಆ ರಂಗದ ಕೆಲಸ ನಡೆಯುವುದೇ ವಾರದ ದಿನಗಳಲ್ಲಿ. ಹೋಟೆಲಿನಲ್ಲಿ ಬಡಿಸುವವರಿಗೆ, ಅಂಗಡಿಯಲ್ಲಿ ದುಡಿಯುವವರಿಗೆ ಹಾಗಲ್ಲ. ಅವರ ಕಸುಬಿನಲ್ಲಿ ಶನಿವಾರವೇ ಭರ್ಜರಿ ವ್ಯಾಪಾರದ ದಿನ. ಒಂದೇ ಶಿಕ್ಷೆ, ಒಂದೇ ಗಂಟೆ, ಆದರೆ ಕಡಿಮೆ ಸಂಬಳದ ದುಡಿಮೆಗಾರರ ಮೇಲೆ ಭಾರ ಹೆಚ್ಚು. ಇದು ನ್ಯಾಯವಲ್ಲ ಎನ್ನಬಹುದು, ಇರುವುದು ಹಾಗೆ.

ಸಂದರ್ಶನದಲ್ಲಿ ಅಧಿಕಾರಿ ಮುಖ್ಯವಾಗಿ ತಿಳಿಯಬಯಸುವುದು ಒಂದನ್ನು. ಸೇವೆಯ ದಿನವೇ ಕೆಲಸಕ್ಕೆ ಕರೆ ಬಂದರೆ ಸೇವೆಯನ್ನು ಮುಂದೂಡಲು ನಿಮಗೆ ಸಾಧ್ಯವಿತ್ತೇ? ಬಹಳಷ್ಟು ಕೋರ್ಟುಗಳು ಗಡುವು ಕೊಡುತ್ತವೆ, ದಿನ ಗೊತ್ತುಮಾಡುವುದಿಲ್ಲ. ದಿನವನ್ನು ನೀವೇ ಆರಿಸಿಕೊಳ್ಳುವುದಾದರೆ ಅದನ್ನು ಸ್ಪಷ್ಟವಾಗಿ ಹೇಳಿ. ದಿನ ನಿಗದಿಯಾಗಿದ್ದರೆ ಕೋರ್ಟ್ ಗುಮಾಸ್ತರನ್ನೋ ಪ್ರೊಬೇಷನ್ ಅಧಿಕಾರಿಯನ್ನೋ ಕೇಳಿ, ಸಂಜೆಗೆ ಅಥವಾ ವಾರಾಂತ್ಯಕ್ಕೆ ಬದಲಿಸಿಕೊಳ್ಳಿ. ಗಡುವು ವಿಸ್ತರಣೆಗೂ ಅರ್ಜಿ ಹಾಕಬಹುದು. ಕೋರ್ಟಿನ ಆದೇಶ ಎಂದ ಮಾತ್ರಕ್ಕೆ ಇಲಾಖೆ ತಾನಾಗಿ ರಿಯಾಯಿತಿ ಕೊಟ್ಟೀತು ಎಂದು ಕೂರಬೇಡಿ.

ಇನ್ನೊಂದು ಎಚ್ಚರ. ಸಮುದಾಯ ಸೇವೆ ಬೇರೆ, ಜೈಲುವಾಸದ ಬದಲಿಗೆ ಶೆರಿಫ್ ಇಲಾಖೆ ನಡೆಸುವ ಕೆಲಸದ ಕಾರ್ಯಕ್ರಮ ಬೇರೆ. ಎರಡನೆಯದರಲ್ಲಿ ಒಂದು ದಿನದ ಕೆಲಸ ಒಂದು ದಿನದ ಜೈಲಿಗೆ ಸಮ. ತಪ್ಪಿಸಿಕೊಂಡರೆ ಒಳಗೆ ಹೋಗಬೇಕು, ಹಾಗಾಗಿ "ಮುಂದೂಡಬಲ್ಲೆ" ಎಂಬ ಮಾತಿಗೆ ಅಲ್ಲಿ ಬಲ ಕಡಿಮೆ. ನಿಮ್ಮ ಕಾಗದದಲ್ಲಿ ಯಾವುದು ಬರೆದಿದೆ ಎಂದು ಮೊದಲು ಓದಿಕೊಳ್ಳಿ.

ತಪ್ಪು ಕಲ್ಪನೆ: ದಂಡದ ಬದಲು ಸೇವೆ ಮಾಡಿದರೆ ಆ ದಂಡದ ಮೊತ್ತವೇ ಗಳಿಕೆ.

ವಾಸ್ತವ: ಈ ಅನುಮಾನಕ್ಕೆ ಕಾರಣವಿದೆ. ಸಂಚಾರ ನಿಯಮ ಉಲ್ಲಂಘನೆಯಂಥ ಸಣ್ಣ ಪ್ರಕರಣಗಳಲ್ಲಿ, ದಂಡ ಕಟ್ಟುವುದು ಕಷ್ಟ ಎಂದು ತೋರಿಸಿದರೆ, ಕ್ಯಾಲಿಫೋರ್ನಿಯಾದಲ್ಲಿ ದಂಡವನ್ನು ಗಂಟೆಗಳಾಗಿ ಬದಲಿಸುತ್ತಾರೆ. ಗಂಟೆಯ ದರ ಕನಿಷ್ಠ ಕೂಲಿಯ ಎರಡರಷ್ಟು. 2025ರ 16.50 ಡಾಲರ್ ಲೆಕ್ಕದಲ್ಲಿ ಗಂಟೆಗೆ 33. ಅಂದರೆ 330 ಡಾಲರ್ ದಂಡಕ್ಕೆ ಹತ್ತು ಗಂಟೆ. ಕೂಲಿಯ ದರ, ಗಂಟೆಯ ಲೆಕ್ಕ, ಮೇಲ್ವಿಚಾರಕರ ಸಹಿ ಎಲ್ಲ ಇದ್ದರೂ ಅದು ಕೂಲಿಯಲ್ಲ, ಶಿಕ್ಷೆ ತೀರಿಸುವ ಒಂದು ಬಗೆ. ಕೈಗೆ ಹಣ ಬರುವುದಿಲ್ಲ, ಪೇಸ್ಲಿಪ್ ಇಲ್ಲ, ತೆರಿಗೆ ಮುರಿಯುವುದಿಲ್ಲ. ಗಳಿಕೆಯ ಜಾಗದಲ್ಲಿ ಸೊನ್ನೆಯೇ ಸರಿ. ಅಧಿಕಾರಿ ಕೇಳಿದರೆ ಕೋರ್ಟಿನ ಆದೇಶ ತೋರಿಸಿ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಇದು ಕೂಲಿಯಲ್ಲವಾದ್ದರಿಂದ ಮುಂದಿನ ಭತ್ಯೆಯ ಅರ್ಹತೆಗೆ ಈ ಗಂಟೆಗಳು ಜಮೆಯಾಗುವುದಿಲ್ಲ. ಅರ್ಹತೆ ನಿಂತಿರುವುದು ಹಿಂದೆ ಪಡೆದ ಸಂಬಳದ ಮೇಲೆ. ಯುಸಿಎಲ್‌ಎ ಕಾರ್ಮಿಕ ಕೇಂದ್ರ 2019ರಲ್ಲಿ ಪ್ರಕಟಿಸಿದ ವರದಿ, ಲಾಸ್ ಏಂಜಲೀಸ್ ಕೌಂಟಿಯೊಂದರಲ್ಲೇ ವರ್ಷಕ್ಕೆ ಸುಮಾರು 1 ಲಕ್ಷ ಜನ ಹೀಗೆ ಕೋರ್ಟಿನ ಸೇವೆಗೆ ಹೋಗುತ್ತಾರೆ ಎಂದಿತು. ಕಾರ್ಮಿಕ ಕಾನೂನಿನ ರಕ್ಷಣೆಯಿಲ್ಲದ ಬಲವಂತದ ದುಡಿಮೆ ಇದು ಎಂಬುದು ಅದರ ವಾದ. ಕೋರ್ಟಿನ ಪುಸ್ತಕದಲ್ಲಿ ಕೆಲಸ, ಸಂಬಳದ ಪುಸ್ತಕದಲ್ಲಿ ಅಲ್ಲ. ಫಾರ್ಮ್ ತುಂಬುವವರು ಗೊಂದಲಕ್ಕೆ ಬಿದ್ದರೆ ಅದು ಅವರ ದಡ್ಡತನವಲ್ಲ.

ತಪ್ಪು ಕಲ್ಪನೆ: ಸೇವೆ ಮಾಡುತ್ತಿದ್ದರೆ ಕೆಲಸ ಹುಡುಕಬೇಕಿಲ್ಲ. ದೇವಸ್ಥಾನದಲ್ಲಿ ಊಟ ಬಡಿಸಿದರೂ ಗಂಟೆ ಲೆಕ್ಕಕ್ಕೆ ಬರುತ್ತದೆ.

ವಾಸ್ತವ: ಹುಡುಕಲೇಬೇಕು. ಸೇವೆಯನ್ನು ಉದ್ಯೋಗ ಹುಡುಕಾಟದ ಪಟ್ಟಿಯಲ್ಲಿ ತೋರಿಸಬೇಡಿ. ದೇವಸ್ಥಾನವಾಗಲಿ ಆಹಾರ ಬ್ಯಾಂಕಾಗಲಿ, ಕೋರ್ಟ್ ಒಪ್ಪಿದ ಸಂಸ್ಥೆಯಾಗಿದ್ದರೆ ಮಾತ್ರ ಗಂಟೆ ಎಣಿಕೆಗೆ ಬರುತ್ತದೆ. ಮೊದಲು ಕೇಳಿ, ಆಮೇಲೆ ಸೌಟು ಹಿಡಿಯಿರಿ.

ತಪ್ಪು ಕಲ್ಪನೆ: ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ವಾಸ್ತವ: ಹೊಸ ನೌಕರರನ್ನು ಸೇರಿಸಿಕೊಂಡ ಕಂಪನಿಗಳು ಹೆಚ್ಚೆಂದರೆ 20 ದಿನದೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು, ಆ ಪಟ್ಟಿಯನ್ನು ಭತ್ಯೆಯ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ. ಸಮುದಾಯ ಸೇವೆ ಆ ಜರಡಿಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಸಂಬಳದ ಪಟ್ಟಿಯೇ ಇಲ್ಲ. ಅಷ್ಟರ ಮಟ್ಟಿಗೆ ವಾಟ್ಸ್‌ಆ್ಯಪ್ ಪಂಡಿತರ ಮಾತು ಸರಿ. ಆದರೆ ಕೋರ್ಟಿನ ದಾಖಲೆ ಸಾಮಾನ್ಯವಾಗಿ ಸಾರ್ವಜನಿಕ. ಸೇವೆ ಮಾಡಿದ ದಿನಾಂಕ, ಗಂಟೆ, ಮೇಲ್ವಿಚಾರಕರ ಸಹಿ ಇರುವ ಹಾಳೆ ಅಲ್ಲೇ ಕೂತಿರುತ್ತದೆ. ಯಾವ ಕಾರಣಕ್ಕೋ ನಿಮ್ಮ ಭತ್ಯೆಯ ಕಡತ ತೆರೆದರೆ ಎರಡನ್ನೂ ಪಕ್ಕಪಕ್ಕ ಇಡುವುದು ಕಷ್ಟವಲ್ಲ.

ಬೇಕೆಂದೇ ಮುಚ್ಚಿಟ್ಟದ್ದು ಎಂದು ತೀರ್ಮಾನವಾದರೆ ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚುವರಿಯಾಗಿ ಪಡೆದ ಹಣದ ಜೊತೆಗೆ ಶೇ 30 ದಂಡ, ಮೇಲೆ 5ರಿಂದ 23 ವಾರ ಭತ್ಯೆಗೆ ತಡೆ. ಪ್ರತಿ ರಾಜ್ಯವೂ ಕನಿಷ್ಠ ಶೇ 15 ದಂಡ ವಿಧಿಸಲೇಬೇಕು ಎನ್ನುತ್ತದೆ ಫೆಡರಲ್ ಕಾನೂನು. ಪ್ರಶ್ನೆ ಅರ್ಥವಾಗದೆ ಆದ ತಪ್ಪಿಗೆ ಈ ದಂಡವಿಲ್ಲ. ಈಗಾಗಲೇ ಕೆಲವು ವಾರ ಬರೆಯದೆ ಬಿಟ್ಟಿದ್ದರೆ, ಇಲಾಖೆ ಕೇಳುವ ಮೊದಲೇ ನೀವಾಗಿ ತಿದ್ದುಪಡಿ ಕಳುಹಿಸಿ.

ತಪ್ಪು ಕಲ್ಪನೆ: ಸೇವೆ ಮುಗಿದರೆ ಪ್ರಕರಣ ವಜಾ. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ.

ವಾಸ್ತವ: ಭತ್ಯೆಗಿಂತ ಇದು ದೊಡ್ಡ ವಿಷಯ. ಎಚ್-1ಬಿ ವೀಸಾದವರಿಗೆ ಸಾಮಾನ್ಯವಾಗಿ ನಿರುದ್ಯೋಗ ಭತ್ಯೆಯೇ ಸಿಗುವುದಿಲ್ಲ. ಒಬ್ಬ ಪ್ರಾಯೋಜಕ ಕಂಪನಿಗೆ ಕಟ್ಟಿದ ಪರವಾನಗಿ ಅದು. ಕೆಲಸ ಹೋದ ಮೇಲೆ "ಯಾವ ಕೆಲಸಕ್ಕೂ ಸಿದ್ಧ" ಎನ್ನಲು ಬರುವುದಿಲ್ಲ. ಅವರ ಕೈಯಲ್ಲಿ ಇರುವುದು ಹೆಚ್ಚೆಂದರೆ 60 ದಿನ. ಭತ್ಯೆ ಪಡೆಯುವವರು ಗ್ರೀನ್ ಕಾರ್ಡ್‌ದಾರರು, ಪೌರರು, ಸಂಗಾತಿಯ ವೀಸಾದ ಮೇಲೆ ಕೆಲಸದ ಪರವಾನಗಿ ಪಡೆದು ದುಡಿದವರು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರಲ್ಲಿ ಭತ್ಯೆ ಪಡೆದರೆ "ಸರ್ಕಾರಕ್ಕೆ ಹೊರೆ" ಎಂದು ತಿರಸ್ಕರಿಸುತ್ತಾರೆ ಎಂಬ ಭಯವಿದೆ. ಅದು ಬೇಡ, ದುಡಿದು ಗಳಿಸಿದ ವಿಮೆಯಾದ್ದರಿಂದ ಇದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಸಮುದಾಯ ಸೇವೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1996ರ ತಿದ್ದುಪಡಿಯ ನಂತರ ವಲಸೆ ಕಾನೂನಿನಲ್ಲಿ "ಅಪರಾಧ ನಿರ್ಣಯ" ಎಂಬುದಕ್ಕೆ ಅದರದ್ದೇ ವ್ಯಾಖ್ಯೆ ಇದೆ. ತಪ್ಪು ಒಪ್ಪಿಕೊಂಡಿದ್ದು, ನ್ಯಾಯಾಧೀಶರು ಯಾವುದಾದರೂ ಶಿಕ್ಷೆ ಅಥವಾ ನಿರ್ಬಂಧ ವಿಧಿಸಿದ್ದರೆ, ರಾಜ್ಯದ ಕೋರ್ಟ್ ಆಮೇಲೆ ಪ್ರಕರಣ ವಜಾ ಮಾಡಿದರೂ ವಲಸೆ ಇಲಾಖೆ ಅದನ್ನು ಅಪರಾಧ ನಿರ್ಣಯ ಎಂದೇ ಓದಬಹುದು. ತಪ್ಪೊಪ್ಪಿಗೆಯಿಲ್ಲದೆ ಸೇವೆಯ ಷರತ್ತಿನ ಮೇಲೆ ಪ್ರಕರಣ ಬದಿಗಿಡುವ ದಾರಿ ಕ್ಯಾಲಿಫೋರ್ನಿಯಾದಲ್ಲಿ ಇದೆ. ಯಾವ ದಾರಿ ನಿಮ್ಮದು ಎಂಬುದು ಸಹಿ ಹಾಕುವ ಮೊದಲು ಗೊತ್ತಿರಬೇಕು. ಗಡೀಪಾರಿನ ಅಪಾಯವಿದ್ದರೆ ಕಕ್ಷಿದಾರರಿಗೆ ಹೇಳುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ವಕೀಲರು ಹೇಳದಿದ್ದರೆ ನೀವೇ ಕೇಳಿ.

ತಪ್ಪು ಕಲ್ಪನೆ: ಇದೆಲ್ಲ ಅಮೆರಿಕದ ಕಥೆ, ನಮ್ಮ ಊರಿಗಲ್ಲ.

ವಾಸ್ತವ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಗಲಾಟೆ, ಮಾನಹಾನಿ, ಮೊದಲ ಬಾರಿಯ ₹5,000ಕ್ಕಿಂತ ಕಡಿಮೆ ಮೌಲ್ಯದ ಕಳವು ಮುಂತಾದ ಕೆಲವೇ ಅಪರಾಧಗಳಿಗೆ ಅದು ಅನ್ವಯ. ಆ ಸೇವೆಗೆ ಸಂಭಾವನೆ ಕೇಳುವ ಹಕ್ಕಿಲ್ಲ ಎಂದು ನಾಗರಿಕ ಸುರಕ್ಷಾ ಸಂಹಿತೆ ಬಿಡಿಸಿ ಹೇಳಿದೆ. ಇತ್ತ ಕರ್ನಾಟಕದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಆದವರಿಗೆ ₹1,500 ಸಿಗುತ್ತದೆ. ಉದ್ಯೋಗವಿಲ್ಲ ಎಂದು ಫಲಾನುಭವಿ ತಾನೇ ಘೋಷಿಸಬೇಕು. ಸಂಬಳವಿಲ್ಲದ ಶಿಕ್ಷೆ ಉದ್ಯೋಗವಲ್ಲ, ಹಾಗಾಗಿ ಆ ಘೋಷಣೆ ಸುಳ್ಳಾಗದು ಎಂಬುದು ನನ್ನ ಓದು.

ಇನ್ನು ಕ್ಯಾಲಿಫೋರ್ನಿಯಾದವರಿಗೆ ಕೊನೆಯ ಮಾತು. ಎಲ್ಲ ಸರಿಯಾಗಿ ಬರೆದರೂ ಭತ್ಯೆ ನಿರಾಕರಿಸಿದ ನೋಟಿಸ್ ಬರಬಹುದು. ಅದನ್ನು ಅಂಚೆಗೆ ಹಾಕಿದ ದಿನದಿಂದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಕೋರ್ಟಿನ ಆದೇಶ, ಗಂಟೆಯ ಹಾಳೆ, ಇಲಾಖೆಯ ಜೊತೆಗಿನ ಸಂದೇಶಗಳು, ಕೆಲಸ ಹುಡುಕಿದ ಪಟ್ಟಿ, ಎಲ್ಲವನ್ನೂ ಜೊತೆಗಿಟ್ಟುಕೊಳ್ಳಿ. ಮೇಲ್ಮನವಿ ತೀರ್ಮಾನವಾಗುವವರೆಗೂ ಎರಡು ವಾರಕ್ಕೊಮ್ಮೆ ಫಾರ್ಮ್ ತುಂಬುವುದನ್ನು ನಿಲ್ಲಿಸಬೇಡಿ. ತುಂಬದ ವಾರದ ಹಣ ಗೆದ್ದರೂ ಸಿಗುವುದಿಲ್ಲ. ವಿಚಾರಣೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಇಂಗ್ಲಿಷಿನಲ್ಲಿ ವಿವರಿಸುವುದು ಕಷ್ಟವಾದರೆ ದುಭಾಷಿ ಬೇಕೆಂದು ಮೊದಲೇ ಬರೆದು ಕೇಳಿ, ಅದಕ್ಕೂ ನೀವು ಹಣ ಕೊಡಬೇಕಿಲ್ಲ.